ಸೊನ್ನೆಗಿಂತ ಕೆಳಗೆ ಹೋದ ಉತ್ತರ

ಕಳೆದ ತಿಂಗಳು ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಇಂಟರ್ನಲ್ಸ್ ಪೇಪರು ತಿದ್ದುತ್ತ ಕೂತಿದ್ದೆ. ನಮ್ಮ ಕಾಲೇಜಿನಲ್ಲೇ ಬಿ.ಎಸ್ಸಿ. ಓದಿ, ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಬರಬಹುದಾ ಮೇಡಂ?” ಅಂದಳು. ಕೈಯಲ್ಲಿ ಪಿಎಚ್.ಡಿ.ಗೆ ಸೀಟು ಸಿಕ್ಕ ಪತ್ರದ ಪ್ರಿಂಟ್ ಇತ್ತು. ಅದರ ಜೊತೆಗೆ ಅವಳ ಗೈಡ್ ಆಗಲಿರುವವರು ಕಳಿಸಿದ್ದ ವಿಷಯ: ಸೂಪರ್‌ಸಿಮ್ಮೆಟ್ರಿಕ್ ಗೇಜ್ ಸಿದ್ಧಾಂತಗಳಲ್ಲಿ ಕೋರಿಲೇಷನ್ ಫಂಕ್ಷನ್‌ಗಳು, ಕಪ್ಲಿಂಗ್ ಪ್ರಬಲವಾದಾಗ ಅವು ಹೇಗೆ ನಡೆದುಕೊಳ್ಳುತ್ತವೆ ಎಂಬುದು.

ಅವಳ ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಮಗಳು ಇನ್ನೂ ಐದು ವರ್ಷ ಏನು ಓದುತ್ತಾಳೆ ಅಂತ ಕೇಳಿದ್ದಾರೆ. ಇವಳು ತನಗೆ ತಿಳಿದಂತೆ ಹೇಳಿದ್ದಾಳೆ. ಎಲ್ಲ ಕೇಳಿಸಿಕೊಂಡು ಅವರು, “ಈ ಸಿದ್ಧಾಂತ ಹೇಳೋದು ನಮ್ಮ ಪ್ರಪಂಚದ ಬಗ್ಗೇನಾ ಮಗಾ?” ಅಂದರಂತೆ. “ಇಲ್ಲ ಅಪ್ಪ, ಇಂಥ ಪ್ರಪಂಚ ಎಲ್ಲೂ ಇಲ್ಲ” ಅಂದಳಂತೆ. ಅಲ್ಲಿಗೆ ಮನೆಯಲ್ಲಿ ಮಾತು ನಿಂತಿದೆ.

“ನೀವೂ ಎರಡು ವರ್ಷ ಇದನ್ನೇ ಮಾಡಿದ್ರಂತಲ್ಲ ಮೇಡಂ. ಯಾಕೆ ಬಿಟ್ರಿ?”

ಈ ಪ್ರಶ್ನೆಗೆ ಹದಿನಾಲ್ಕು ವರ್ಷದಿಂದ ನನ್ನಲ್ಲಿ ಒಂದು ಸಿದ್ಧ ಉತ್ತರವಿದೆ. ಮನೆಯಲ್ಲಿ ಕಷ್ಟವಿತ್ತು, ಅಷ್ಟರಲ್ಲಿ ಸರ್ಕಾರಿ ಕೆಲಸ ಸಿಕ್ಕಿತು. ಎರಡೂ ಸುಳ್ಳಲ್ಲ. ಆದರೆ ಆ ಹುಡುಗಿ ಕಾಯುತ್ತ ನಿಂತಿದ್ದ ರೀತಿ ನೋಡಿ ಅದನ್ನು ಹೇಳಲು ಬಾಯಿ ಬರಲಿಲ್ಲ. ನಾಳೆ ಬಾ ಎಂದು ಕಳಿಸಿದೆ. ಸಂಜೆ ಮನೆಗೆ ಹೋಗಿ ಅಟ್ಟದ ಮೇಲಿನ ಟ್ರಂಕಿನಿಂದ ಹಸಿರು ರಟ್ಟಿನ ನೋಟ್‌ಬುಕ್ಕೊಂದನ್ನು ಹುಡುಕಿ ತೆಗೆದೆ.

ಮರುದಿನ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಭೌತಶಾಸ್ತ್ರ ಗೊತ್ತಿಲ್ಲದವರಿಗೂ ತಿಳಿಯಲಿ ಎಂದು ಮೊದಲಿನಿಂದ ಶುರುಮಾಡುತ್ತೇನೆ.

ಕೋರಿಲೇಷನ್ ಫಂಕ್ಷನ್ ಎಂದರೆ ಹೆದರಬೇಕಾದ್ದೇನಿಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಇವತ್ತು ಕೊಬ್ಬರಿ ದರ ಏರಿದರೆ ಅರಸೀಕೆರೆಯಲ್ಲೂ ಏರುತ್ತದೆಯೇ? ಎಷ್ಟು? ದೂರ ಹೋದಂತೆ ಆ ಸಂಬಂಧ ಎಷ್ಟು ಬೇಗ ತೆಳುವಾಗುತ್ತದೆ? ಇಲ್ಲಿ ಆದದ್ದಕ್ಕೂ ಅಲ್ಲಿ ಆದದ್ದಕ್ಕೂ ಇರುವ ನಂಟನ್ನು ಒಂದು ಸಂಖ್ಯೆಯಲ್ಲಿ ಹಿಡಿದರೆ ಅದೇ ಕೋರಿಲೇಷನ್, ಸಹಸಂಬಂಧ. ಕ್ವಾಂಟಂ ಸಿದ್ಧಾಂತದಲ್ಲಿ ಮಾರುಕಟ್ಟೆಯ ದರದ ಬದಲು ಕ್ಷೇತ್ರಗಳ ಏರಿಳಿತ ಇರುತ್ತದೆ. ಕಣ ಕಣಕ್ಕೆ ಡಿಕ್ಕಿ ಹೊಡೆದರೆ ಏನಾಗುತ್ತದೆ, ಒಂದು ದ್ರವ ಎಷ್ಟು ಅಂಟಂಟಾಗಿದೆ, ಎಲ್ಲಕ್ಕೂ ಉತ್ತರ ಕೊನೆಗೆ ಈ ಸಹಸಂಬಂಧಗಳಿಂದಲೇ ಬರಬೇಕು.

ಇನ್ನು ಕಪ್ಲಿಂಗ್. ವರ್ತಕರು ಒಬ್ಬರಿಗೊಬ್ಬರು ಅಪರೂಪಕ್ಕೆ ಫೋನು ಮಾಡುತ್ತಾರೆ ಅಂದುಕೊಳ್ಳಿ. ಆಗ ಲೆಕ್ಕ ಸುಲಭ. ಒಂದೂ ಫೋನು ಇಲ್ಲದಿದ್ದರೆ ಇಷ್ಟು, ಒಂದು ಫೋನಿನಿಂದ ಆಗುವ ತಿದ್ದುಪಡಿ ಇಷ್ಟು, ಎರಡರಿಂದ ಇನ್ನೂ ಸಣ್ಣ ತಿದ್ದುಪಡಿ, ಹೀಗೆ ಕೂಡುತ್ತ ಹೋದರಾಯಿತು. ಇದು ದುರ್ಬಲ ಕಪ್ಲಿಂಗ್. ವಿದ್ಯುತ್ತಿನ ವಿಷಯದಲ್ಲಿ ಪ್ರಕೃತಿ ನಮಗೆ ಈ ಉಪಕಾರ ಮಾಡಿದೆ. ಅಲ್ಲಿ ಫೋನಿನ ಪ್ರಮಾಣ ಸುಮಾರು 137ರಲ್ಲಿ ಒಂದು ಪಾಲು ಮಾತ್ರ. ಆದರೆ ಎಲ್ಲರೂ ಎಲ್ಲರಿಗೂ ಒಂದೇ ಸಮನೆ ಫೋನು ಮಾಡುತ್ತಿದ್ದರೆ? ಯಾವ ಮಾತಿನಿಂದ ಯಾವ ದರ ಬದಲಾಯಿತು ಎಂದು ಬಿಡಿಸಿ ಹೇಳಲಾಗುವುದಿಲ್ಲ. ಅದು ಪ್ರಬಲ ಕಪ್ಲಿಂಗ್. ಪ್ರೋಟಾನಿನ ಒಳಗೆ ಕ್ವಾರ್ಕುಗಳು ಇರುವುದು ಈ ಸ್ಥಿತಿಯಲ್ಲೇ. ನಮ್ಮ ಮೈಯ ತೂಕದ ಬಹುಪಾಲು ಬರುವುದು ಆ ಗದ್ದಲದಿಂದ.

ಪ್ರೋಟಾನಿನ ಲೆಕ್ಕವನ್ನು ಕಾಗದದ ಮೇಲೆ ಪೂರ್ತಿ ಮಾಡಲು ಇವತ್ತಿಗೂ ಯಾರಿಗೂ ಸಾಧ್ಯವಾಗಿಲ್ಲ. ದೊಡ್ಡ ಕಂಪ್ಯೂಟರುಗಳಲ್ಲಿ ಆಕಾಶ-ಕಾಲವನ್ನು ಚೌಕುಳಿಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತಾರೆ. ಹಾಗೆ 2008ರಲ್ಲಿ ಪ್ರೋಟಾನಿನ ದ್ರವ್ಯರಾಶಿ ಕೆಲವೇ ಶೇಕಡಾ ವ್ಯತ್ಯಾಸದಲ್ಲಿ ಸಿಕ್ಕಿತು. ಸಂಖ್ಯೆ ಸಿಕ್ಕಿತು ನಿಜ. ಆದರೆ ದುರ್ಬಲದಿಂದ ಪ್ರಬಲಕ್ಕೆ ಹೋಗುವಾಗ ನಡುದಾರಿಯಲ್ಲಿ ಏನಾಗುತ್ತದೆ ಎಂಬುದು ಸಂಖ್ಯೆಯೊಂದರಿಂದ ಕಾಣುವುದಿಲ್ಲ. ಅದನ್ನು ಕಾಣಲು ಭೌತಶಾಸ್ತ್ರಜ್ಞರು ಪೂರ್ತಿ ಬಿಡಿಸಬಹುದಾದ ಒಂದು ಪ್ರಪಂಚವನ್ನು ಕಲ್ಪಿಸಿಕೊಂಡಿದ್ದಾರೆ. ಹೆಸರು ಎನ್ = 4 ಸೂಪರ್ ಯಾಂಗ್-ಮಿಲ್ಸ್ ಸಿದ್ಧಾಂತ. 1977ರಲ್ಲಿ ರೂಪುಗೊಂಡದ್ದು. ಅಲ್ಲಿ ಪ್ರತಿಯೊಂದು ಬಗೆಯ ಕಣಕ್ಕೂ ಸೂಪರ್‌ಸಿಮ್ಮೆಟ್ರಿ ಎಂಬ ಸಮತೋಲದ ನಿಯಮದಿಂದ ಜೊತೆಗಾರರಿದ್ದಾರೆ. ನಮ್ಮ ಪ್ರಪಂಚದಲ್ಲಿ ಅಂಥ ಜೊತೆಗಾರರು ಜಿನೀವಾದ ದೊಡ್ಡ ಯಂತ್ರದಲ್ಲೂ ಈತನಕ ಸಿಕ್ಕಿಲ್ಲ. ಹುಡುಗಿ ಅಪ್ಪನಿಗೆ ಹೇಳಿದ್ದು ಸರಿಯೇ.

ಆ ಪ್ರಪಂಚದಲ್ಲಿ ಒಂದು ಲೆಕ್ಕ ಬಹಳ ಹೆಸರುವಾಸಿ. ತುಂಬ ಭಾರದ ಒಂದು ಕಣವನ್ನು ವೃತ್ತಾಕಾರದಲ್ಲಿ ಒಂದು ಸುತ್ತು ಒಯ್ದು ತನ್ನ ಜಾಗಕ್ಕೆ ತರುವುದು. ಆ ಉಂಗುರದ ಮೇಲಿನ ಎಲ್ಲ ಬಿಂದುಗಳಲ್ಲಿರುವ ಕ್ಷೇತ್ರಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿವೆ ಎಂದು ಒಂದೇ ಸಂಖ್ಯೆಯಲ್ಲಿ ಹೇಳುವುದು. ಇದಕ್ಕೆ ವಿಲ್ಸನ್ ಲೂಪ್ ಎಂದು ಹೆಸರು. ಕಪ್ಲಿಂಗನ್ನು ಲ್ಯಾಮ್ಡಾ ಎಂಬ ಗ್ರೀಕ್ ಅಕ್ಷರದಿಂದ ಗುರುತಿಸುತ್ತಾರೆ. 2000ದಲ್ಲಿ ಎರಿಕ್ಸನ್, ಸೆಮೆನಾಫ್, ಜರೆಂಬೊ ಎಂಬ ಮೂವರು ಕೆಲವು ಬಗೆಯ ಚಿತ್ರಗಳನ್ನಷ್ಟೇ ಕೂಡಿ ಒಂದು ಸೂತ್ರ ಪಡೆದರು. ಉಳಿದವೆಲ್ಲ ಒಂದನ್ನೊಂದು ಹೊಡೆದುಹಾಕುತ್ತವೆ ಎಂಬುದು ಅವರ ಊಹೆ. ಏಳು ವರ್ಷಗಳ ನಂತರ ವಸಿಲಿ ಪೆಸ್ಟುನ್ ಆ ಸೂತ್ರ ನಿಜವೆಂದು ಸಾಧಿಸಿ ತೋರಿಸಿದರು. ಲ್ಯಾಮ್ಡಾ ಸಣ್ಣದಿರಲಿ ದೊಡ್ಡದಿರಲಿ, ಸೂತ್ರ ನಡೆಯುತ್ತದೆ. ಅದರಲ್ಲಿರುವುದು ನಮ್ಮ ಎಂ.ಎಸ್ಸಿ. ಹುಡುಗರಿಗೂ ಗೊತ್ತಿರುವ ಬೆಸೆಲ್ ಫಂಕ್ಷನ್.

ಒಂದೆರಡು ಸಂಖ್ಯೆ ಹಾಕಿ ನೋಡೋಣ. ಲ್ಯಾಮ್ಡಾ 4 ಇದ್ದಾಗ ದುರ್ಬಲ ಕಡೆಯಿಂದ ಕೂಡಿದರೆ: 1, ಅದಕ್ಕೆ 0.5, ಆಮೇಲೆ 0.0833, ಆಮೇಲೆ 0.0069, ಆಮೇಲೆ 0.0003. ಒಟ್ಟು 1.5906. ನಾಲ್ಕೇ ತಿದ್ದುಪಡಿಯಲ್ಲಿ ನಾಲ್ಕು ದಶಾಂಶದ ತನಕ ಸರಿ ಉತ್ತರ. ಈಗ ಲ್ಯಾಮ್ಡಾ 400 ಮಾಡಿ. ಅದೇ ಐದು ಪದಗಳನ್ನು ಕೂಡಿದರೆ ಬರುವುದು ಸುಮಾರು 42,551. ನಿಜವಾದ ಉತ್ತರ ಸುಮಾರು 42 ಲಕ್ಷ 45 ಸಾವಿರ. ನೂರರಲ್ಲಿ ಒಂದು ಪಾಲು ಮಾತ್ರ ಕೈಗೆ ಬಂದಿದೆ. ಪದಗಳು ಇನ್ನೂ ಏರುತ್ತಲೇ ಇವೆ.

ಇಲ್ಲಿ ಆಚೆ ದಡದಿಂದ ಬರಬೇಕು. 1997ರಲ್ಲಿ ಹುವಾನ್ ಮಾಲ್ಡಸೀನ ಹೇಳಿದ್ದು ಇದನ್ನೇ: ಈ ಸಿದ್ಧಾಂತದಲ್ಲಿ ಕಪ್ಲಿಂಗ್ ಪ್ರಬಲವಾದಾಗ ಅದನ್ನು ಇನ್ನೊಂದು ಭಾಷೆಯಲ್ಲಿ, ಬಾಗಿದ ಆಕಾಶದಲ್ಲಿ ಹರಡಿದ ತಂತುಗಳ ಭಾಷೆಯಲ್ಲಿ ಓದಬಹುದು. ಈ ಕಡೆ ಕಗ್ಗಂಟಾದದ್ದು ಆ ಕಡೆ ಸಲೀಸು. ಮಕ್ಕಳು ಬಳೆಯನ್ನು ಸೋಪಿನ ನೀರಿನಲ್ಲಿ ಅದ್ದಿ ತೆಗೆದರೆ ಬಳೆಗೆ ಒಂದು ಪೊರೆ ಕಟ್ಟಿಕೊಳ್ಳುತ್ತದಲ್ಲ, ಹಾಗೆ ನಮ್ಮ ಉಂಗುರದಿಂದ ಒಂದು ಪೊರೆ ಆ ಬಾಗಿದ ಆಕಾಶದೊಳಕ್ಕೆ ಇಳಿಬಿದ್ದಿರುತ್ತದೆ. ಅದರ ಕನಿಷ್ಠ ವಿಸ್ತೀರ್ಣ ಕಂಡುಹಿಡಿದರೆ ಉತ್ತರದ ಮುಖ್ಯ ಭಾಗ ಸಿಕ್ಕಂತೆ. ಲ್ಯಾಮ್ಡಾ 400ಕ್ಕೆ ಪ್ರಬಲ ಕಡೆಯ ಮೊದಲ ಪದವೊಂದೇ 43 ಲಕ್ಷ 28 ಸಾವಿರ ಕೊಡುತ್ತದೆ. ಒಂದು ತಿದ್ದುಪಡಿ ಸೇರಿಸಿದರೆ 42 ಲಕ್ಷ 47 ಸಾವಿರ. ಇನ್ನೊಂದು ಸೇರಿಸಿದರೆ 42 ಲಕ್ಷ 45 ಸಾವಿರದ ಹತ್ತಿರ. ಸಾಬೂನಿನ ಪೊರೆಯಂಥದ್ದೊಂದು ಚಿತ್ರ ಕಣಗಳ ಗದ್ದಲವನ್ನು ಇಷ್ಟು ನಿಖರವಾಗಿ ಹೇಳಬಲ್ಲದು ಎಂಬುದನ್ನು ಮೊದಲ ಸಲ ಕೈಯಾರೆ ಲೆಕ್ಕ ಮಾಡಿ ಕಂಡ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನನ್ನ ನೋಟ್‌ಬುಕ್ಕಿನ ಕತೆ ಇದರ ಮುಂದಿನದು.

ಗೈಡ್ ನನಗೆ ಕೈ ಕುದುರಲಿ ಎಂದು ಒಂದು ಅಭ್ಯಾಸ ಕೊಟ್ಟಿದ್ದರು. ಪ್ರಬಲ ಕಡೆಯ ಸರಣಿಯನ್ನೇ ತೆಗೆದುಕೊಂಡು ಸಣ್ಣ ಲ್ಯಾಮ್ಡಾಗಳ ತನಕ ತಂದು, ದುರ್ಬಲ ಕಡೆಯ ಉತ್ತರಕ್ಕೆ ಹೊಂದುತ್ತದೆಯೇ ನೋಡು ಎಂದಿದ್ದರು. ವರ್ಗಮೂಲ ಸಲೀಸಾಗಿ ಬರುತ್ತದೆಂದು ನಾನು ಲ್ಯಾಮ್ಡಾ 4 ಆರಿಸಿಕೊಂಡೆ. ಬರಬೇಕಾದ್ದು 1.5906. ಮೊದಲ ಪದ 2.084 ಕೊಟ್ಟಿತು. ಒಂದು ತಿದ್ದುಪಡಿಗೆ 1.694. ಎರಡಕ್ಕೆ 1.633. ಮೂರಕ್ಕೆ 1.606. ನಾಲ್ಕಕ್ಕೆ 1.587. ಇನ್ನೇನು ಬಂದೇಬಿಟ್ಟಿತು. ಐದನೆಯದನ್ನು ಸೇರಿಸಿದೆ: 1.569. ಸ್ವಲ್ಪ ದಾಟಿತು, ಮುಂದೆ ಸರಿಹೋದೀತು ಎಂದುಕೊಂಡೆ. ಆರಕ್ಕೆ 1.547. ಏಳಕ್ಕೆ 1.514. ಪದಗಳು ಸಣ್ಣದಾಗುವ ಬದಲು ಮತ್ತೆ ದಪ್ಪವಾಗತೊಡಗಿದ್ದವು. ಎಲ್ಲೋ ಗುಣಿಸುವಾಗ ತಪ್ಪಿದ್ದೇನೆ ಎಂದು ಹಿಂದಿನಿಂದ ಎಲ್ಲ ಮತ್ತೆ ಮಾಡಿದೆ. ಅದೇ ಬಂತು. ಹಟ ಹಿಡಿದು ಮುಂದುವರಿದೆ. ಹನ್ನೊಂದಕ್ಕೆ 0.485. ಹನ್ನೆರಡನೆಯ ತಿದ್ದುಪಡಿ ಸೇರಿಸಿದಾಗ ಉತ್ತರ ಸೊನ್ನೆಗಿಂತ ಕೆಳಗೆ ಹೋಯಿತು: ಋಣ 1.2. ಯಾವ ಸಂಖ್ಯೆ ಒಂದಕ್ಕಿಂತ ಕಡಿಮೆಯಾಗಲು ಸಾಧ್ಯವೇ ಇಲ್ಲವೋ ಅದು ಋಣವಾಗಿತ್ತು.

ನಾನು ಆ ಪುಟವನ್ನು ಮೂರು ವಾರ ಯಾರಿಗೂ ತೋರಿಸಲಿಲ್ಲ. ಗೈಡ್ ಕೇಳಿದಾಗಲೆಲ್ಲ, “ಇನ್ನೂ ಚೆಕ್ ಮಾಡ್ತಿದ್ದೀನಿ ಸರ್” ಅಂದೆ. ತಾಲ್ಲೂಕು ಕಾಲೇಜಿನಿಂದ ಬಂದವಳು, ಇಷ್ಟು ಚಿಕ್ಕ ಲೆಕ್ಕವನ್ನೂ ಕೆಡಿಸಿಕೊಂಡಳು ಎಂದಾರು ಎಂಬ ಭಯ. ಮೆಸ್ಸಿನಲ್ಲಿ ಅವರ ಟೇಬಲ್ ತಪ್ಪಿಸಿ ಕೂರುತ್ತಿದ್ದೆ. ಕೊನೆಗೆ ಒಂದು ದಿನ ಬೇರೆ ದಾರಿಯಿಲ್ಲದೆ ತೋರಿಸಿದೆ. ಅವರು ಪುಟ ನೋಡಿ, “ಲೆಕ್ಕ ಸರಿಯಾಗೇ ಇದೆಯಲ್ಲಮ್ಮ” ಅಂದರು. “ಇದು ಹೀಗೇ ಆಗಬೇಕು. ನಾಲ್ಕಕ್ಕೆ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಹೋದದ್ದು ಒಳ್ಳೆಯದೇ ಆಯಿತು, ಈಗ ನೋಡು ಹೇಗೆ ದಪ್ಪವಾಗುತ್ತಿವೆ ಅಂತ.” ಅವರ ದನಿಯಲ್ಲಿ ಖುಷಿಯಿತ್ತು. ಮೂರು ವಾರದ ಹಿಂದೆಯೇ ತೋರಿಸಿದ್ದರೆ ಆ ಖುಷಿ ನನಗೂ ಸಿಗುತ್ತಿತ್ತು. ನನಗೆ ಕೇಳಿಸಿದ್ದು “ನಿಲ್ಲಿಸಬೇಕಿತ್ತು” ಎಂಬ ಮಾತೊಂದೇ.

ಇಂಥ ಸರಣಿಗಳ ಸ್ವಭಾವ ಗಣಿತದಲ್ಲಿ ಹೊಸದೇನಲ್ಲ. ಅವನ್ನು ಅಸಿಂಪ್ಟೋಟಿಕ್ ಸರಣಿ ಅನ್ನುತ್ತಾರೆ. ಸ್ವಲ್ಪ ದೂರ ಸತ್ಯದ ಕಡೆಗೆ ಕರೆದುಕೊಂಡು ಹೋಗಿ, ಆಮೇಲೆ ದಾರಿ ಬಿಡುತ್ತವೆ. ಇದರ ಹಿಂದೆ ಮಳೆಬಿಲ್ಲಿನ ಒಂದು ಕತೆಯಿದೆ. ಮಳೆಬಿಲ್ಲಿನ ಒಳಅಂಚಿನಲ್ಲಿ ಕೆಲವೊಮ್ಮೆ ಬೆಳಕು-ಕತ್ತಲೆಯ ತೆಳು ಪಟ್ಟಿಗಳು ಕಾಣುತ್ತವೆ. 1838ರಲ್ಲಿ ಇಂಗ್ಲೆಂಡಿನ ಖಗೋಳಶಾಸ್ತ್ರಜ್ಞ ಜಾರ್ಜ್ ಏರಿ ಅವಕ್ಕೆ ಸೂತ್ರ ಕೊಟ್ಟ. ಆದರೆ ಆತನ ಸರಣಿ ಎಷ್ಟು ನಿಧಾನವೆಂದರೆ, ಕಷ್ಟಪಟ್ಟು ಮೊದಲ ಎರಡು ಕಪ್ಪು ಪಟ್ಟಿಗಳ ತನಕ ಮಾತ್ರ ಲೆಕ್ಕ ಹಾಕಲಾಯಿತು. ಅತ್ತ ಕೇಂಬ್ರಿಜ್‌ನಲ್ಲಿ ಮಿಲ್ಲರ್ ಎಂಬಾತ ಪ್ರಯೋಗದಲ್ಲಿ 30 ಪಟ್ಟಿಗಳನ್ನು ಅಳೆದಿದ್ದ. 1850ರಲ್ಲಿ ಜಾರ್ಜ್ ಸ್ಟೋಕ್ಸ್ ಇನ್ನೊಂದು ಕಡೆಯಿಂದ ಬಂದ. ಎಲ್ಲ ಪದಗಳನ್ನೂ ಕೂಡಿದರೆ ಕೆಟ್ಟುಹೋಗುವ ಸರಣಿಯನ್ನು ಹಿಡಿದು, ಮೊದಲ ಕೆಲವೇ ಪದಗಳನ್ನು ಬಳಸಿ, 50 ಪಟ್ಟಿಗಳ ಜಾಗ ಹೇಳಿದ. ಆದರೆ ಒಂದು ತೊಡಕು ಉಳಿದಿತ್ತು. ಒಂದು ಕಡೆ ಇರುವ, ಕಣ್ಣಿಗೆ ಬೀಳದಷ್ಟು ಸಣ್ಣ ಅಂಶವೊಂದು ಇನ್ನೊಂದು ಕಡೆ ಹೇಗೆ ಹುಟ್ಟಿಕೊಳ್ಳುತ್ತದೆ ಎಂಬುದು. 1857ರಲ್ಲಿ ಅದು ಬಿಡಿಸಿದಾಗ ಬೆಳಗಿನ ಜಾವ ಮೂರು ಗಂಟೆಯಾಗಿತ್ತೆಂದು ಆತ ತಾನು ಮದುವೆಯಾಗಲಿದ್ದ ಹುಡುಗಿಗೆ ಪತ್ರ ಬರೆದಿದ್ದಾನೆ. ಆ ಪತ್ರದ ಸುದ್ದಿ ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು, ಬಗೆಹರಿಯದ ತೊಡಕನ್ನು ಹೀಗೆ ಒಬ್ಬರಿಗೆ ಹೇಳಿಕೊಳ್ಳಬಹುದಿತ್ತಲ್ಲ ಎಂದು.

ಸ್ಟೋಕ್ಸ್ ಹಿಂದೆ ಬಿದ್ದಿದ್ದ ಆ ಸಣ್ಣ ಅಂಶವೇ ನನ್ನ ನೋಟ್‌ಬುಕ್ಕಿನಲ್ಲೂ ಇತ್ತು. ಪ್ರಬಲ ಕಡೆಯ ಸರಣಿಯಲ್ಲಿ ಎಷ್ಟು ಪದ ಬರೆದರೂ ಕಾಣಿಸದ ಒಂದು ತುಣುಕು ಇದೆ. ಅದು ಲ್ಯಾಮ್ಡಾ ಹೆಚ್ಚಿದಂತೆ ಎಷ್ಟು ಬೇಗ ಕರಗುತ್ತದೆ ಎಂದರೆ, ಲ್ಯಾಮ್ಡಾ 4ಕ್ಕೆ ಸುಮಾರು ಐವತ್ತೈದರಲ್ಲಿ ಒಂದು ಪಾಲಿನ ಮಟ್ಟದಲ್ಲಿದ್ದದ್ದು 400ಕ್ಕೆ ಹೋಗುವಷ್ಟರಲ್ಲಿ ಯಾವ ಕ್ಯಾಲ್ಕ್ಯುಲೇಟರಿನ ಪರದೆಯಲ್ಲೂ ಕಾಣಿಸದು. ಆದರೆ ಅದರ ಗುರುತು ಅಳಿದುಹೋಗುವುದಿಲ್ಲ. ಮುಂದಿನ ಪದಗಳು ಯಾವ ಲಯದಲ್ಲಿ ದಪ್ಪವಾಗುತ್ತವೆ ಎಂದು ಅಳೆದರೆ, ಆ ಲಯದಿಂದಲೇ ಬಿಟ್ಟುಹೋದ ತುಣುಕಿನ ಅಳತೆ ಸಿಗುತ್ತದೆ. ನನ್ನ ಐದರಿಂದ ಹನ್ನೆರಡನೆಯ ತಿದ್ದುಪಡಿಗಳು, ಅಂದರೆ ನಾನು ಕೆಟ್ಟವು ಎಂದು ಬಗೆದು ಮುಚ್ಚಿಟ್ಟವು, ಸರಣಿ ಏನನ್ನು ಬಿಟ್ಟಿದೆ ಎಂಬುದನ್ನೇ ಹೇಳುತ್ತಿದ್ದವು. ಫ್ರಾನ್ಸಿನ ಗಣಿತಜ್ಞ ಜ್ಯಾಂ ಎಕಾಲ್ 1980ರ ದಶಕದಲ್ಲಿ ಇದನ್ನು ಒಂದು ದೊಡ್ಡ ಶಾಸ್ತ್ರವಾಗಿ ಬೆಳೆಸಿದ. ಅದಕ್ಕೆ ರಿಸರ್ಜೆನ್ಸ್ ಎಂದು ಹೆಸರು. ಮುಳುಗಿದ್ದು ಮತ್ತೆ ಮೇಲೇಳುವುದು ಎಂಬರ್ಥ.

ನಾನು ಬಿಟ್ಟ ಮೇಲೆ ಈ ವಿಷಯ ಬಹಳ ದೂರ ಹೋಗಿದೆ. 2018ರಲ್ಲಿ ಫ್ರಾಂಕ್ ಕೊರೊನಾಡೊ ಇದೇ ಸಿದ್ಧಾಂತದಲ್ಲಿ ನಾಲ್ಕು ಬಿಂದುಗಳ ನಡುವಿನ ಒಂದು ಸಹಸಂಬಂಧವನ್ನು ಆಕ್ಟಗನ್ ಎಂಬ ಘಟಕದಿಂದ ಕಟ್ಟಬಹುದೆಂದು ತೋರಿಸಿದರು. ಆಮೇಲೆ ಬೆಲಿಟ್ಸ್ಕಿ, ಕೋರ್ಚೆಮ್ಸ್ಕಿ ಮುಂತಾದವರು ಆ ಆಕ್ಟಗನ್ನು ಪ್ರಬಲ ಕಪ್ಲಿಂಗಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಬಿಡಿಸಿದರು. ಅಲ್ಲೂ ಇಂಥ ಸರಣಿಗಳೇ. ಕಾಣದ ತುಣುಕುಗಳನ್ನು ಒಂದೊಂದಾಗಿ ಎತ್ತಿ ತೆಗೆಯುವ ಕೆಲಸ ಈಚೆಗೆ ನಡೆಯುತ್ತಿದೆ. ಹುಡುಗಿ ಸೇರಲು ಹೊರಟಿರುವುದು ಈ ಕೆಲಸಕ್ಕೇ.

ಇಷ್ಟಾದ ಮೇಲೂ ಅವಳ ಅಪ್ಪನ ಪ್ರಶ್ನೆ ಹಾಗೇ ಇದೆ. ಇಲ್ಲದ ಪ್ರಪಂಚದ ಲೆಕ್ಕ ಯಾಕೆ? ಒಂದು ಉತ್ತರ ಹೀಗಿದೆ. 2001ರಲ್ಲಿ ಪೊಲಿಕಾಸ್ಟ್ರೊ, ಸನ್, ಸ್ಟಾರಿನೆಟ್ಸ್ ಎಂಬ ಮೂವರು ಇದೇ ಎನ್ = 4 ಪ್ರಪಂಚವನ್ನು ಕಾಯಿಸಿ, ಪ್ರಬಲ ಕಪ್ಲಿಂಗಿನಲ್ಲಿ ಒಂದು ಸಹಸಂಬಂಧ ಲೆಕ್ಕ ಹಾಕಿ, ಅದು ದ್ರವವಾಗಿದ್ದರೆ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಹೇಳಿದರು. ಬಹಳ ಸರಾಗ, ನೀರಿಗಿಂತ ಎಷ್ಟೋ ಹೆಚ್ಚು. ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ ಚಿನ್ನದ ಪರಮಾಣು ಬೀಜಗಳನ್ನು ಡಿಕ್ಕಿ ಹೊಡೆಸಿ ಕ್ವಾರ್ಕುಗಳ ಬಿಸಿ ಗಂಜಿಯೊಂದನ್ನು ಮಾಡಿದಾಗ, 2005ರಲ್ಲಿ ಅವರು ಸಾರಿದ್ದು ಅದು ಅನಿಲದಂತಲ್ಲ, ಅತಿ ಸರಾಗದ ದ್ರವದಂತೆ ಹರಿಯುತ್ತದೆ ಎಂದು. ಅಂಟಿನ ಪ್ರಮಾಣ ಕಲ್ಪಿತ ಪ್ರಪಂಚದ ಸಂಖ್ಯೆಗೆ ಹತ್ತಿರವಿತ್ತು. ಎರಡೂ ಒಂದೇ ಎಂದು ಯಾರೂ ಹೇಳುವುದಿಲ್ಲ. ನಮ್ಮ ಕ್ವಾರ್ಕುಗಳು ತಣ್ಣಗಾದಾಗ ಪ್ರೋಟಾನಿನೊಳಗೆ ಸೆರೆಯಾಗುತ್ತವೆ. ಆ ಪ್ರಪಂಚದಲ್ಲಿ ಸೆರೆ ಎಂಬುದೇ ಇಲ್ಲ. ಪ್ರೋಟಾನಿನ ಸಮಸ್ಯೆ ಇದರಿಂದ ಬಿಡಿಸಿದಂತಾಗಲಿಲ್ಲ.

“ಹಾಗಾದ್ರೆ ಅಪ್ಪನಿಗೆ ಏನು ಹೇಳಲಿ?” ಅಂದಳು.

“ನಿಮ್ಮ ಅಂಗಡಿ ತಕ್ಕಡಿ ಸರಿಯಿದೆಯಾ ಅಂತ ನೋಡೋಕೆ ಇಲಾಖೆಯವರು ತೂಕದ ಕಲ್ಲು ತರ್ತಾರಲ್ಲ” ಅಂದೆ. “ಆ ಕಲ್ಲನ್ನ ಯಾರೂ ಕೊಳ್ಳಲ್ಲ, ಯಾರೂ ತಿನ್ನಲ್ಲ. ಅದರ ತೂಕ ಖಚಿತವಾಗಿ ಗೊತ್ತು ಅನ್ನೋದೇ ಅದರ ಉಪಯೋಗ. ಈ ಸಿದ್ಧಾಂತವೂ ಹಾಗೆ. ಉತ್ತರ ಖಚಿತವಾಗಿ ಗೊತ್ತಿರೋದರಿಂದ, ಪ್ರಬಲ ಕಪ್ಲಿಂಗನ್ನ ತೂಗೋ ನಮ್ಮ ತಕ್ಕಡಿಗಳು ಎಲ್ಲಿ ಮೋಸ ಮಾಡ್ತವೆ ಅಂತ ಇಲ್ಲಿ ತಿಳಿಯುತ್ತೆ.” ಅವಳು ನಕ್ಕಳು. ಅಪ್ಪನಿಗೆ ಇದು ಅರ್ಥವಾಗುತ್ತದೆ ಎಂದು ಅವಳಿಗೆ ಅನ್ನಿಸಿರಬೇಕು.

ಆಮೇಲೆ ಅವಳ ಇನ್ನೊಂದು ಪ್ರಶ್ನೆಗೆ ಬಂದೆ. ನೋಟ್‌ಬುಕ್ ತೆರೆದು ಆ ಪುಟ ತೋರಿಸಿದೆ. ಋಣ 1.2ರ ಸುತ್ತ ಕೆಂಪು ಶಾಯಿಯಲ್ಲಿ ನಾನೇ ಹಾಕಿದ ವೃತ್ತ ಇನ್ನೂ ಇತ್ತು. ಈ ಪುಟದ ನಂತರ ನಾನು ಇನ್ನೂ ಒಂದು ವರ್ಷ ಅಲ್ಲಿದ್ದೆ, ಆದರೆ ಪ್ರತಿ ಬಾರಿ ಲೆಕ್ಕ ಕೆಟ್ಟಾಗಲೂ ಮುಚ್ಚಿಡುತ್ತಲೇ ಹೋದೆ. ಮೂರು ವಾರ ಇದ್ದದ್ದು ಮೂರು ತಿಂಗಳಾಯಿತು. ಕೆಲಸದ ಆದೇಶ ಬಂದಾಗ ನನಗೆ ಬೇಸರಕ್ಕಿಂತ ಹೆಚ್ಚಾಗಿ ಬಿಡುಗಡೆಯ ಭಾವ ಬಂದಿತ್ತು. ವಿಷಯ ಕಷ್ಟವಾಗಿ ಬಿಟ್ಟದ್ದಲ್ಲ. ತಪ್ಪಿದಂತೆ ಕಾಣುವ ಲೆಕ್ಕವನ್ನು ಇನ್ನೊಬ್ಬರ ಮುಂದೆ ಇಡಲಾಗದೆ ಬಿಟ್ಟದ್ದು. ಇದನ್ನು ಯಾರಿಗಾದರೂ ಹೇಳಿದ್ದು ಅದೇ ಮೊದಲು.

ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಸೇರಿದರೆ, ಉತ್ತರ ಸೊನ್ನೆಗಿಂತ ಕೆಳಗೆ ಹೋದ ದಿನವೇ ಸಂಜೆ ಹೋಗಿ ಯಾರಿಗಾದರೂ ತೋರಿಸು ಎಂದಷ್ಟೇ ಹೇಳಿದೆ.

ಅವಳು ಹೊರಡುವ ಮುಂಚೆ ಆ ಪುಟದ ಫೋಟೋ ತೆಗೆದುಕೊಳ್ಳಲಾ ಎಂದು ಕೇಳಿದಳು. ತೆಗೆದುಕೋ ಎಂದೆ. ಫೋನನ್ನು ಪುಟದ ಮೇಲೆ ಹಿಡಿದವಳು ತಡೆದು, “ಮೇಡಂ, ಒಂಬತ್ತನೇದರಿಂದ ಹತ್ತಕ್ಕೆ, ಹತ್ತರಿಂದ ಹನ್ನೊಂದಕ್ಕೆ... ಪ್ರತಿ ಸಲ ಎರಡರಷ್ಟಕ್ಕಿಂತ ಸ್ವಲ್ಪ ಜಾಸ್ತಿ ಆಗ್ತಾ ಇದೆಯಲ್ವಾ?” ಅಂದಳು. ನಾನು ಕನ್ನಡಕ ಹಾಕಿಕೊಂಡು ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ. ಇಂಟರ್ನಲ್ಸ್ ಪೇಪರುಗಳು ಆ ದಿನವೂ ಹಾಗೇ ಉಳಿದವು.